ಅಮ್ಮನಿಲ್ಲದ ಫೋಟೋಗಳು

ಅಮೆರಿಕಾದ ಡರ್ಹಮ್‌ನ ಪ್ರಯೋಗಾಲಯದಲ್ಲಿ ಇಲಿಗಳಿಗೆ ವೇಳಾಪಟ್ಟಿ ಬರೆಯುವುದು ನನ್ನ ಕೆಲಸವಾಗಿತ್ತು. ಎಪ್ಪತ್ತರ ದಶಕದ ಆ ವಸಂತದಲ್ಲಿ ಅಮ್ಮನಿಗೂ ಒಂದು ಬರೆದೆ. ಜಪಾನಿನಲ್ಲಿ ಏಳು ದಿನ: ಮೊದಲು ಟೋಕಿಯೋ, ಆಮೇಲೆ ರೈಲು, ಕ್ಯೋಟೋ, ನಾರಾ, ಕೊನೆಯ ದಿನ ನನ್ನ ಮದುವೆ. ಪಕ್ಕದ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ, ನಾನು ಮದುವೆಯಾಗಲಿದ್ದ ಕ್ಯೋಟೋದ ಹುಡುಗಿ ಅದನ್ನು ಓದಿ, “ನಿನ್ನ ಅಮ್ಮ ಇಲಿಯಲ್ಲ” ಎಂದು ನಕ್ಕಳು.

ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ. ಮದುವೆಯ ವಿಷಯ ಬರೆದಾಗ ಮೈಸೂರಿನಿಂದ ಅಮ್ಮ ಉತ್ತರಿಸಿದ್ದು ಒಂದೇ ಸಾಲು: “ನಿನಗೆ ಒಪ್ಪಿಗೆಯಾದರೆ ಆಯಿತು.” ಆ ಸಾಲನ್ನು ಎಷ್ಟು ಸಲ ಓದಿದೆನೋ. ಅವಳು ಹುಡುಗಿಯನ್ನು ಮನಸಾರೆ ಒಪ್ಪದೆ ಮದುವೆಯಾಗಲು ನನಗೆ ಮನಸ್ಸಿರಲಿಲ್ಲ. ಒಂದು ವಾರ ಇಬ್ಬರನ್ನೂ ಒಟ್ಟಿಗೆ ಸುತ್ತಾಡಿಸಿದರೆ ಎಲ್ಲ ಸರಿಹೋಗುತ್ತದೆ ಎಂಬುದು ನನ್ನ ವಿಜ್ಞಾನ.

ಅಮ್ಮ ಟೋಕಿಯೋಗೆ ಬಂದದ್ದು ತನ್ನ ತಮ್ಮನ ಜೊತೆ, ಅಂದರೆ ನನ್ನ ಸೋದರಮಾವನ ಜೊತೆ. ಚೀಲದ ತುಂಬ ಅವಲಕ್ಕಿ, ಚಟ್ನಿಪುಡಿ. ಊಟದ ಚಿಂತೆ ಹೆಚ್ಚು ಕಾಡಲಿಲ್ಲ. ಬಿಸಿ ಅನ್ನ ಎಲ್ಲೆಲ್ಲೂ ಸಿಗುತ್ತಿತ್ತು. ಹೊಸಿಲ ಬಳಿ ಚಪ್ಪಲಿ ಬಿಡುವುದನ್ನು, ದೇವಸ್ಥಾನದ ಬಾಗಿಲಲ್ಲಿ ಎಲ್ಲರೂ ಕೈ ತೊಳೆದು ಬಾಯಿ ಮುಕ್ಕಳಿಸುವುದನ್ನು ನೋಡಿ ಅಮ್ಮನಿಗೆ ಭಾರೀ ಸಂತೋಷ.

“ನಿಮ್ಮ ಅಮೆರಿಕಾದವರಿಗಿಂತ ಇವರು ವಾಸಿ ಕಣೋ,” ಎಂದಳು.

ಊರೇನೋ ಅವಳಿಗೆ ಹಿಡಿಸಿತು. ಹುಡುಗಿ ಹಿಡಿಸಿದಂತೆ ಕಾಣಲಿಲ್ಲ. ಹುಡುಗಿ ದಿನವೂ ನಮ್ಮ ಜೊತೆಗೇ ಓಡಾಡುತ್ತಿದ್ದಳು. ನಾನು ಕ್ಯಾಮೆರಾ ಎತ್ತಿದೊಡನೆ ಅಮ್ಮ ಕಂಬದ ಹಿಂದೆ. ರೈಲಿನಲ್ಲಿ ಹುಡುಗಿ ಎದುರು ಕೂತರೆ ಅಮ್ಮ ಮಾವನ ಜೊತೆ ಜಾಗ ಬದಲಿಸುತ್ತಿದ್ದಳು. ಬೆಳಿಗ್ಗೆ ನಮ್ಮನ್ನು ಕರೆದೊಯ್ಯಲು ಹುಡುಗಿ ಬಂದರೆ ಎಲ್ಲರೂ ಹೊರಟ ಮೇಲೆಯೇ ಅಮ್ಮ ಕೋಣೆಯಿಂದ ಆಚೆ ಬರುವುದು. ಆರನೆಯ ದಿನ ನಾರಾದಲ್ಲಿ ಜಿಂಕೆಗಳಿಗೆ ತಿನ್ನಿಸಲು ಹುಡುಗಿ ಅಮ್ಮನ ಕೈ ಹಿಡಿದು “ಬನ್ನಿ ಅಮ್ಮ” ಎಂದಳು. ಡರ್ಹಮ್‌ನಲ್ಲಿ ತಿಂಗಳುಗಟ್ಟಲೆ ಅಭ್ಯಾಸ ಮಾಡಿದ ಎರಡು ಪದ. ಅಮ್ಮ ಮೆಲ್ಲಗೆ ಕೈ ಬಿಡಿಸಿಕೊಂಡಳು.

ನನ್ನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ ಇರುವಂಥದ್ದು. “ಇಷ್ಟ ಇಲ್ದೆ ಇದ್ರೆ ಬರೋದಾದ್ರೂ ಯಾಕಮ್ಮ?” ಎಂದು ಅಲ್ಲೇ ರೇಗಿದೆ. ಅಮ್ಮ ಜಿಂಕೆಗಳ ಕಡೆ ತಿರುಗಿದಳು. ಮಾವ ನನ್ನ ತೋಳು ಹಿಡಿದು ಮರದ ಮರೆಗೆ ಎಳೆದೊಯ್ದರು.

“ಲೋ, ಇಲಿ ಹೊಟ್ಟೇಲಿ ಏನಿದೆ ಅಂತ ಹೇಳ್ತೀಯ, ಹೆತ್ತ ತಾಯಿ ಹೊಟ್ಟೇಲಿ ಏನಿದೆ ಅಂತ ಗೊತ್ತಾಗಲ್ವಾ? ಆ ಹುಡುಗಿ ಅಂದ್ರೆ ಅಕ್ಕಂಗೆ ಪ್ರಾಣ. ಅದಕ್ಕೇ ದೂರ ನಿಲ್ಲೋದು. ಗಂಡ ಇಲ್ಲದೋಳು ಮದುವೆ ಹೆಣ್ಣಿನ ಎದುರಿಗೆ ಬರಬಾರ್ದು ಅಂತ. ನಿಮ್ಮಪ್ಪ ಹೋದ ಮೇಲೆ ಅವಳು ಯಾವ ಮದುವೆ ಫೋಟೋದಲ್ಲಿ ನಿಂತಿದಾಳೆ, ಹೇಳು?”

ನನ್ನ ತಂಗಿಯ ಧಾರೆ ನಡೆಯುವಾಗ ಅಮ್ಮ ಉಗ್ರಾಣದಲ್ಲಿ ವೀಳ್ಯದೆಲೆ ಒರೆಸುತ್ತ ಕೂತಿದ್ದಳು. ನಾನೇ ನೋಡಿದ್ದೆ. ನೋಡಿಯೂ ಮರೆತಿದ್ದೆ. ನಾಚಿಕೆಯಿಂದ ಕುಗ್ಗಿಹೋದೆ.

ಅದೇ ಸಂಜೆ ಕ್ಯೋಟೋಗೆ ಮರಳಿ ಹುಡುಗಿಗೆ ಎಲ್ಲ ಹೇಳಿದೆ. ಅವಳಿಗೂ ತಂದೆಯಿರಲಿಲ್ಲ, ತಾಯಿಯೇ ಮುಂದೆ ನಿಂತು ಮದುವೆಯ ಕೆಲಸವೆಲ್ಲ ಮಾಡಿಸುತ್ತಿದ್ದರು. “ನನ್ನ ಅಮ್ಮನನ್ನು ಕೇಳುತ್ತೇನೆ” ಎಂದಷ್ಟೇ ಹೇಳಿ ಮನೆಗೆ ಹೋದಳು.

ಮದುವೆಯ ಬೆಳಿಗ್ಗೆ ದೇವಸ್ಥಾನದಲ್ಲಿ, ಹೆಣ್ಣನ್ನು ಸಿಂಗರಿಸುವ ಕೋಣೆಯ ಹೊರಗೆ, ಅಮ್ಮ ಗೋಡೆಗೊರಗಿ ಕೂತಿದ್ದಳು. ಬಿಳಿ ಸೀರೆ, ಬರಿದಾದ ಹಣೆ. ಬಾಗಿಲು ಸರಿಸಿಕೊಂಡು ಬೀಗಿತ್ತಿ ಬಂದರು. ಉಟ್ಟದ್ದು ಕಪ್ಪು ರೇಷ್ಮೆ, ಕೆಳಗಿನ ಅಂಚಿನಲ್ಲಷ್ಟೇ ಚಿತ್ತಾರ. ಒಳಗೆ ಹುಡುಗಿ ಅಡಿಯಿಂದ ಮುಡಿಯವರೆಗೆ ಬಿಳಿ.

“ಏನೋ ಇದು, ತಾಯಿ ಕರೀದು, ಮದುಮಗಳು ಬಿಳೀದು!” ಅಮ್ಮ ಗಾಬರಿಯಾದಳು.

“ಇಲ್ಲಿ ಅದೇ ಶುಭ ಕಣಕ್ಕ. ನೀನು ಮದುಮಗಳ ಬಣ್ಣ ಉಟ್ಕೊಂಡು ಬಂದಿದೀಯ, ಅಷ್ಟೇ,” ಎಂದರು ಮಾವ.

ಬೀಗಿತ್ತಿ ಅಮ್ಮನ ಕೈ ಹಿಡಿದು ಒಳಗೆ ಕರೆದೊಯ್ದರು. ಪುಟ್ಟ ಬಟ್ಟಲಿನ ಕೆಂಪನ್ನು ಬೆರಳಲ್ಲಿ ತೆಗೆದು ಮಗಳ ತುಟಿಗೆ ಹಚ್ಚಿ, ಬಟ್ಟಲನ್ನು ಎರಡೂ ಕೈಯಲ್ಲಿ ಅಮ್ಮನ ಮುಂದೆ ಹಿಡಿದರು. ಎರಡೂ ಕಡೆಯ ತಾಯಂದಿರು ಹಚ್ಚಬೇಕು, ಇದು ನಮ್ಮ ಮನೆಯ ಪದ್ಧತಿ ಎಂದು ಹುಡುಗಿ ಇಂಗ್ಲಿಷಿನಲ್ಲಿ ಹೇಳಿದಳು. ಬಾಗಿಲಲ್ಲಿ ನಿಂತಿದ್ದ ನಾನು ಕನ್ನಡದಲ್ಲಿ ಹೇಳಿದೆ.

“ನಾನು ಹಚ್ಚಬಹುದೇನೋ?” ಅಮ್ಮ ನನ್ನನ್ನೇ ಕೇಳಿದಳು.

“ನೀನೇ ಹಚ್ಚಬೇಕಂತೆ ಕಣಮ್ಮ.”

ಅವಳ ಬೆರಳು ಬಟ್ಟಲಿನ ಕೆಂಪನ್ನು ಮುಟ್ಟಿತು. ಅದು ತುಟಿಯ ಕಡೆ ಹೋಗಲಿಲ್ಲ. ಹುಡುಗಿಯ ಹುಬ್ಬುಗಳ ನಡುವೆ ಒಂದು ಬೊಟ್ಟು ಇಟ್ಟಳು. ನಾನು ಎಲ್ಲರೆದುರು ಅತ್ತುಬಿಟ್ಟೆ. ಅಂದಿನ ಫೋಟೋದಲ್ಲಿ ಅಮ್ಮ ನಟ್ಟನಡುವೆ ಇದ್ದಾಳೆ.

ಅಂಥ ಪದ್ಧತಿ ಅವರ ಮನೆಯಲ್ಲಿ ಇರಲೇ ಇಲ್ಲವೆಂದು, ತಾಯಿ ಮಗಳು ಹಿಂದಿನ ಸಂಜೆ ಕೂತು ಹೊಸೆದದ್ದೆಂದು ಹೆಂಡತಿ ಹೇಳಿದ್ದು ಡರ್ಹಮ್‌ಗೆ ಮರಳಿದ ಮೇಲೆ. ಅಮ್ಮನಿಗೆ ಹೇಳುವ ಧೈರ್ಯ ನನಗಾಗಲಿಲ್ಲ. ಎರಡು ವರ್ಷದ ಬಳಿಕ ಹೆಂಡತಿಯ ಸೀಮಂತಕ್ಕೆ ಅಮ್ಮ ಡರ್ಹಮ್‌ಗೆ ಬಂದಳು. ಹಸೆಯ ಮುಂದೆ ನಿಂತ ನಾಲ್ಕು ಜನ ಕನ್ನಡದ ಹೆಂಗಸರು, ಮೊದಲು ಯಾರು ಎಂದು ಮುಖ ಮುಖ ನೋಡಿಕೊಂಡರು. ಅಮ್ಮ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ಕುಂಕುಮದ ಬಟ್ಟಲು ಎತ್ತಿಕೊಂಡಳು.

“ಮೊದಲು ನಾನು. ನಮ್ಮ ಬೀಗರ ಮನೆ ಪದ್ಧತಿ,” ಎಂದಳು.