ಒಣಗದ ಎಳೆ

ಚೆನ್ನೈಗೆ ಬಂದ ಮೊದಲ ಬೆಳಿಗ್ಗೆ ಸ್ನಾನ ಮುಗಿಸಿ ಎಷ್ಟು ಒರೆಸಿಕೊಂಡರೂ ಮೈ ಒಣಗಲಿಲ್ಲ. ತ್ರಿಪ್ಲಿಕೇನಿನ ಹಾಸ್ಟೆಲಿನಲ್ಲಿ ನನ್ನ ಕೋಣೆಯವಳೂ ಲ್ಯಾಬಿನವಳೂ ಆದ ಕಲೈ ನಕ್ಕಳು: "ಇದು ಪುಳುಕ್ಕಂ. ಪಳಗಿಡುಂ." ಗಾಳಿಯಾಡದ ಒದ್ದೆ ಸೆಕೆಗೆ ಇಲ್ಲಿ ಪುಳುಕ್ಕಂ ಎನ್ನುತ್ತಾರೆ, ಅಭ್ಯಾಸವಾಗುತ್ತದೆ ಎಂದಳು. ನಮ್ಮ ಚಿತ್ರದುರ್ಗದಲ್ಲಿ ಹಗ್ಗಕ್ಕೆ ಹಾಕಿದ ಸೀರೆ ಅಡುಗೆ ಆಗುವಷ್ಟರಲ್ಲಿ ಗರಿಗರಿಯಾಗುತ್ತಿತ್ತು.

ಹೊಸ ಶತಮಾನದ ಮೊದಲ ದಶಕ ಮುಗಿಯುತ್ತ ಬಂದಿತ್ತು. ಪಿಎಚ್‌ಡಿಗೆ ನನ್ನ ಕೆಲಸ ಇಷ್ಟು: ಎಳನೀರಿನ ಸಿಪ್ಪೆಯ ನಾರಿನಿಂದ ಲಿಗ್ನಿನ್ ಎಂಬ ಅಂಟನ್ನು ಬಿಡಿಸಿ, ಅದರ ದ್ರಾವಣವನ್ನು ಸಿರಿಂಜಿಗೆ ತುಂಬಿ, ಸೂಜಿಗೆ ಭಾರಿ ವೋಲ್ಟೇಜ್ ಕೊಡುವುದು. ಕೂದಲಿಗಿಂತ ಎಷ್ಟೋ ಸಣ್ಣ ಎಳೆ ಹಾರಿಬಂದು ಎದುರಿನ ಲೋಹದ ಹಾಳೆಯ ಮೇಲೆ ಕೂರಬೇಕು. ಅದನ್ನು ಗಾಳಿ ಸೋಕದಂತೆ ಕುಲುಮೆಯಲ್ಲಿ ಸುಟ್ಟು, ಮೈತುಂಬ ಸೂಕ್ಷ್ಮ ರಂಧ್ರಗಳಿರುವ ಕಾರ್ಬನ್ ಮಾಡಿದರೆ ವಿದ್ಯುತ್ ಹಿಡಿದಿಡುತ್ತದೆ. ನನಗೆ ಬಂದದ್ದು ಹನಿ, ಬರೀ ಹನಿ. ಅಪ್ಪಿತಪ್ಪಿ ಬಂದ ಎಳೆಗಳೂ ಒದ್ದೆ ಶಾವಿಗೆಯಂತೆ ಅಂಟಿಕೊಂಡವು. ಅಷ್ಟರಲ್ಲಿ ಫೆಲೋಶಿಪ್ಪಿನ ಕೊನೆಯ ವರ್ಷವೂ ಬಂತು.

ಈ ಒದ್ದೆ ಗಾಳಿಯಲ್ಲಿ ಎಳೆ ಒಣಗುವುದಿಲ್ಲ ಎಂದು ಗೈಡ್ ಮೇಡಂಗೆ ಹೇಳಿದೆ.

"ಊರ್ ಕಾತ್ತ ಮಾತ್ತ ಮುಡಿಯುಮಾಮ್ಮಾ?" ಊರ ಗಾಳಿ ಬದಲಿಸಲಾಗುತ್ತದೇನಮ್ಮ ಎಂದು ತಲೆಯೆತ್ತದೆ ಕೇಳಿದರು.

ಸಿಟ್ಟಿನಲ್ಲೇ ಪ್ಯಾರೀಸ್ ಕಾರ್ನರಿನ ಅಂಗಡಿಗಳಿಗೆ ಹೋಗಿ ಅಕ್ರಿಲಿಕ್ ಹಾಳೆ ತಂದೆ. ಕಲೈ ಜೊತೆ ಕೂತು ಸೂಜಿ, ಲೋಹದ ಹಾಳೆ ಎರಡೂ ಹಿಡಿಸುವ ಪೆಟ್ಟಿಗೆ ಕಟ್ಟಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಇಟ್ಟೆವು. ಎಳೆ ಬಂತು, ಜೇಡರ ಬಲೆಯಂತೆ! ಕುಲುಮೆಯಿಂದ ತೆಗೆದರೆ ಕರಗಿ ಒಂದಾದ ಇದ್ದಿಲ ಬಿಲ್ಲೆ. ಬಿಸಿ ಇನ್ನೂ ನಿಧಾನ ಏರಬೇಕಿತ್ತು. ಏರಿಸಿದೆ, ಕೆಟ್ಟಿತು, ಮತ್ತೆ ಏರಿಸಿದೆ. ಕಡೆಗೊಮ್ಮೆ ಮಡಿಸಿದರೂ ಮುರಿಯದ ಕರಿಯ ಹಾಳೆ ಕೈಗೆ ಬಂತು. ಅದು ವಿದ್ಯುತ್ ಹಿಡಿಯಿತು, ನಾನು ಬಯಸಿದ್ದರಲ್ಲಿ ಅರ್ಧದಷ್ಟೂ ಇಲ್ಲ.

ಅದೇ ವಾರ ಅಣ್ಣ ಬಂದ. ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಕತ್ತು ಒರೆಸಿಕೊಂಡ.

"ದುರ್ಗದ ಕಾಲೇಜಲ್ಲಿ ಪೋಸ್ಟ್ ಐತೆ. ಸಾಕು, ಬಾ."

"ಅಲ್ಲಿ ಕುಲುಮೆ ಐತಾ?"

"ಗಾಳಿ ಐತಲ್ಲೇ! ಇದೂ ಒಂದು ಊರಾ? ಉಸಿರಾಡಿದ್ರೂ ನೀರು ಕುಡಿದಂಗಾಗುತ್ತೆ."

"ನಮ್ಮೂರನ್ನ ಬೈಬೇಡ," ಎಂದುಬಿಟ್ಟೆ.

ಅವನು ಲೋಟ ಕೆಳಗಿಟ್ಟ. "ಯಾವ್ದೇ ನಿಮ್ಮೂರು?"

ಸಂಜೆ ಅವನನ್ನು ರೈಲು ಹತ್ತಿಸಿದೆ. ರೈಲು ಕಣ್ಮರೆಯಾದ ಮೇಲೆ ಪ್ಲಾಟ್‌ಫಾರಂ ಮೇಲೆ ನಿಂತು ಅತ್ತೆ. ಆಮೇಲೆ ಹೊರಗೆ ಬಂದು ಲ್ಯಾಬಿನ ಕಡೆಯ ಬಸ್ಸು ಹತ್ತಿದೆ.