ನಾಲ್ಕನೆಯ ಚೀಲ

೧೯೯೬, ಮಾರ್ಚ್ ೯, ಶನಿವಾರ. ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ಬರೆಯಲು ಕುಳಿತೆ.

ಚಹಾಕ್ಕೆ ಒಡೆದಿಟ್ಟ ಬೆಲ್ಲದ ಮೇಲೆ ನೊಣವೊಂದು ಕುಳಿತಿತ್ತು. ಓಡಿಸಲು ಕೈ ಎತ್ತಿದವಳು ಬಗ್ಗಿ ಅದರ ಮುಖ ನೋಡಿದೆ. ಎರಡು ಕಣ್ಣುಗಳ ನಡುವೆ ಅಗಲವಾದ ಜಾಗ. ಹೆಣ್ಣು. ಹೀಗೆ ನೊಣದ ಮುಖ ನೋಡುವ ಚಾಳಿ ನನಗೆ ಏಳು ವರ್ಷದಿಂದ ಇದೆ. ನಗಬೇಡಿ, ಕಾರಣ ಹೇಳುತ್ತೇನೆ.

ಆಗ ನಾನು ಹಾವೇರಿಯಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಹೆಣ್ಣು ನೊಣದ ಹೊಟ್ಟೆಯಲ್ಲಿ ಗಂಡಿನ ವೀರ್ಯವನ್ನು ಕೂಡಿಡುವ ಚೀಲಗಳಿರುತ್ತವೆ. ಗಸಗಸೆಗಿಂತ ಸಣ್ಣವು, ಕಂದುಗಪ್ಪು. ಅವನ್ನು ಬಿಡಿಸಿ ನೋಡಿ ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ಚಿತ್ರ ಬರೆಯಬೇಕಿತ್ತು. ಪಠ್ಯಪುಸ್ತಕದಲ್ಲಿ ಮೂರಿದ್ದವು. ಎಲ್ಲರೂ ಮೂರು ಬರೆದರು. ನನಗೆ ಎರಡೇ ಸಿಕ್ಕಿದ್ದವು, ಎರಡೇ ಬರೆದೆ.

"ಬ್ಯಾಡಗಿ ನೊಣಕ್ಕ ಒಂದು ಕಮ್ಮಿ ಏನವಾ?" ಎಂದರು ಮಾಸ್ತರು. "ಶನಿವಾರದೊಳಗ ಸರಿಯಾಗಿ ಬಿಡಿಸಿ ತಂದ್ರ ಸಹಿ. ಇಲ್ಲಾಂದ್ರ ಪ್ರಾಕ್ಟಿಕಲ್ ಪರೀಕ್ಷಾಕ್ಕ ಕುಂದ್ರಂಗಿಲ್ಲ."

ಬ್ಯಾಡಗಿಯ ನಮ್ಮ ಮನೆಯಲ್ಲಿ ಅದು ಮೆಣಸಿನಕಾಯಿಯ ಕಾಲ. ನಾನು ಸೀನಿದರೆ ಸತ್ತ ನೊಣ ಬದುಕಿದ್ದಾಗಿನದಕ್ಕಿಂತ ದೂರ ಹಾರುತ್ತಿತ್ತು. ಹಾಗಾಗಿ ಭೂತಗನ್ನಡಿ, ಚಿಮಟ ಕಟ್ಟಿಕೊಂಡು ಅವ್ವನ ತಂಗಿ, ರಾಣೆಬೆನ್ನೂರಿನ ಚಿಗವ್ವನ ಮನೆ ಸೇರಿದೆ. ಅಲ್ಲಿಯೂ ಮೂರು ಚೀಲ ಸಿಗಲಿಲ್ಲ. ನನ್ನ ಅಂದಿನ ದಿನಚರಿಯಲ್ಲಿ ಲೆಕ್ಕ ಹೀಗಿದೆ: ಇಪ್ಪತ್ತೆರಡು ನೊಣ; ಎರಡು ಚೀಲ ಸಿಕ್ಕಿದ್ದು ಒಂಬತ್ತರಲ್ಲಿ, ಒಂದು ಸಿಕ್ಕಿದ್ದು ಆರರಲ್ಲಿ, ಉಳಿದ ಏಳರಲ್ಲಿ ಏನೂ ಇಲ್ಲ.

ಚಿಗವ್ವ ಬೀಜದ ಕಂಪನಿಯ ಟೊಮ್ಯಾಟೊ ಹೊಲದಲ್ಲಿ ಕ್ರಾಸಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಮೊಗ್ಗಿನೊಳಗಿನ ಗಂಡು ಕೇಸರವನ್ನು ಚಿಮಟದಿಂದ ತೆಗೆದು, ಬೇರೆ ಗಿಡದ ಪರಾಗ ಮುಟ್ಟಿಸುವುದು. ಅವಳು ನನ್ನ ಹೆಗಲ ಮೇಲಿಂದ ಇಣುಕಿದಳು.

"ಅದರಾಗ ಏನು ಹುಡುಕಾಕತ್ತೀದಿ?"

ನಾಚಿಕೆಯಿಂದ ಪಿಸುಗುಟ್ಟಿದೆ: "ಒಮ್ಮೆ ಗಂಡಿನ ಜೋಡಿ ಕೂಡಿತಂದ್ರ ಅದರ ಬೀಜ ಚೀಲದಾಗ ಇಟ್ಕೊಂತೈತಿ. ಬೇಕಾದಾಗ ತತ್ತಿಗೆ ಬಿಡತೈತಿ."

ಚಿಗವ್ವ ಓಣಿಗೆ ಕೇಳುವಂತೆ ನಕ್ಕಳು. "ನಾವು ಪುಡಿ ಡಬ್ಬಿ ಹಿಡಕೊಂಡು ಹೊಲ ತುಂಬ ಓಡ್ಯಾಡತೇವಿ. ಇಕಿ ಹೊಟ್ಟ್ಯಾಗ ಡಬ್ಬಿ ಇಟ್ಕೊಂಡಾಳ! ಶ್ಯಾಣ್ಯಾಕಿ!" ಆಮೇಲೆ ನನ್ನ ಕೈ ನೋಡಿ ನಗು ನಿಲ್ಲಿಸಿದಳು. "ಹಂಗ ಜಗ್ಗಬ್ಯಾಡ, ಹುಚ್ಚಿ. ಮೊಗ್ಗಿಯೊಳಗೂ ಜಗ್ಗಿದ್ರ ನಡುವಿನ ಕಡ್ಡೀನೂ ಕಿತ್ತು ಬರತೈತಿ. ಮೊದಲ ಸುತ್ತಲಿನ ಸಿಪ್ಪಿ ಸಡಲ ಮಾಡು."

ಇಪ್ಪತ್ತಮೂರನೆಯ ನೊಣದಲ್ಲಿ ಮೂರು ಚೀಲ ಕಂಡವು: ಎರಡು ಜೊತೆಯಾಗಿ, ಒಂದು ತುಸು ದೂರ, ಪ್ರತಿಯೊಂದಕ್ಕೂ ಕೂದಲಿನಂಥ ನಳಿಕೆ. ನಾನು ಜಗ್ಗಿ ಹರಿದದ್ದು ಆ ನಳಿಕೆಗಳನ್ನೇ. ನಲವತ್ತರವರೆಗೆ ಬಿಡಿಸಿದೆ. ಇಪ್ಪತ್ತಮೂರನೆಯದೂ ಸೇರಿ ಹದಿನೇಳು ನೊಣಗಳಲ್ಲಿ ಮೂರು. ಮೂವತ್ತನಾಲ್ಕನೆಯದರಲ್ಲಿ ಮಾತ್ರ ನಾಲ್ಕು.

ಮೂರು ಸಲ ಎಣಿಸಿ, ಚಿಗವ್ವನಿಂದಲೂ ಎಣಿಕೆ ಮಾಡಿಸಿದೆ. ಅಲ್ಲೇ ಕುಳಿತು ಚಿತ್ರ ಬರೆದೆ. ಗಾಜಿನ ಮೇಲಿಟ್ಟ ಚೀಲಗಳು ಮಾತ್ರ ಹಾವೇರಿ ಮುಟ್ಟುವುದರೊಳಗೆ ಒಣಗಿ, ಒಂದೇ ಕಲೆಯಾಗಿದ್ದವು.

ಮಾಸ್ತರು ಪುಟ ತಿರುವಿದರು. "ಮೊದಲ ಎರಡು ಅಂದಿ, ಈಗ ನಾಲ್ಕು. ಮುಂದ ಅರ್ಧಾ ಡಜನ್ ತರ್ತೀಯೇನು? ಈ ಹಾಳಿ ಹರಿ. ಉಳಿದದ್ದಕ್ಕ ಸಹಿ ಮಾಡತೇನಿ."

ಆ ಹಾಳೆಯ ಮೇಲೆ ಕೈ ಇಟ್ಟು ಹೇಳಿದೆ: "ಎರಡು ಬರೆದದ್ದು ನನ್ನ ಕೈ ತಪ್ಪು ರೀ ಸರ್, ಅದನ್ನೂ ಕೆಳಗ ಬರದೇನಿ. ಆದ್ರ ಕೈ ತಪ್ಪಿದ್ರ ಇದ್ದದ್ದು ಕಳೀತೈತಿ. ಇಲ್ಲದ್ದು ಎಲ್ಲಿಂದ ಬರತೈತ್ರಿ?"

ಅವರು ಪೆನ್ನಿನ ಮುಚ್ಚಳ ತೆಗೆದು ಒಂದೊಂದೇ ಪುಟಕ್ಕೆ ಸಹಿ ಹಾಕಿದರು, ಆ ಪುಟ ಒಂದನ್ನು ಬಿಟ್ಟು. ಹರಿಯಲು ಮತ್ತೆ ಹೇಳಲಿಲ್ಲ. ಪರೀಕ್ಷೆಗೆ ಕುಳಿತೆ.

ಇಷ್ಟು ವರ್ಷ ಆ ಪುಟವನ್ನು ಯಾರಿಗೂ ತೋರಿಸದೆ ಇಟ್ಟಿದ್ದೆ. ಸಹಿಯಿಲ್ಲದ್ದಕ್ಕೆ ಸಾಕ್ಷಿ ಬೇಕು, ಸಾಕ್ಷಿ ನಾನೇ ಹುಡುಕಬೇಕು ಎಂದು ಇವತ್ತು ಅನ್ನಿಸಿದೆ. ನಲವತ್ತೊಂದನೆಯ ನೊಣದಿಂದ ಮತ್ತೆ ಶುರು ಮಾಡುತ್ತೇನೆ. ನಾಲ್ಕು ಚೀಲದ ನೊಣವನ್ನು ಇದನ್ನು ಓದುವ ನಿಮ್ಮಲ್ಲಿ ಯಾರಾದರೂ ಕಂಡಿದ್ದರೆ, ಎಷ್ಟು ಬಿಡಿಸಿದಾಗ ಎಷ್ಟು ಸಿಕ್ಕವು ಎಂಬ ಲೆಕ್ಕದೊಡನೆ ದಯವಿಟ್ಟು ನನಗೆ ಬರೆಯಿರಿ. ಸಿಗದಿದ್ದವರೂ ಬರೆಯಿರಿ.