ಲಿಬ್ರಾದಕ್ಕ ಮೇಲಕ್ಕೆ ಹೊತ್ತ ಮೀನುಗಳು

ನಮ್ಮ ನ್ಯೂ ಮೆಕ್ಸಿಕೋ ರಾಜ್ಯಕ್ಕೆ ಅಧಿಕೃತ ಹಕ್ಕಿಯಿದೆ, ಅಧಿಕೃತ ಮರವಿದೆ, ನಗಬೇಡಿ, ಅಧಿಕೃತ ಬಿಸ್ಕತ್ತೂ ಇದೆ. ಮೀನಿನ ಪಟ್ಟ ಸಿಕ್ಕಿದ್ದು ನಮ್ಮ ಹಳ್ಳದ ಪಿಂತಾಕ್ಕೆ. ಬಾಲದ ಕಡೆ ಚುಕ್ಕೆ ಒತ್ತಾಗಿರುವ, ದವಡೆಯ ಕೆಳಗೆ ಒಣಮೆಣಸಿನ ಪುಡಿ ಬಳಿದಂತೆ ಕೆಂಪು ಗೆರೆಯಿರುವ ಟ್ರೌಟ್ ಅದು. ಪಟ್ಟ ಕಟ್ಟಿದವರು ಅದನ್ನು ಬಹಳ ಕಾಲ ಮರೆತೇ ಬಿಟ್ಟಿದ್ದರು. ಮರೆಯದೆ ನೋಡಿಕೊಂಡವಳು ಲಿಬ್ರಾದಕ್ಕ. ನೋಡಿಕೊಂಡದ್ದೇ ತಪ್ಪಾಯಿತು.

ಲಿಬ್ರಾದಾ ನನ್ನ ದೊಡ್ಡಪ್ಪನ ಮಗಳು. ವಯಸ್ಸು ಅರವತ್ತೊಂಬತ್ತು, ಮದುವೆಯಾಗಲಿಲ್ಲ, ಬಾಯಿ ಜೋರು. ದೊಡ್ಡಪ್ಪ ತೀರಿಕೊಂಡ ಮೇಲೆ ಮೂವತ್ತೊಂದು ವರ್ಷದಿಂದ ಊರ ಕಾಲುವೆಗೆ ಅವಳೇ ನೀರುಗಂಟಿ. ಯಾರ ಹೊಲಕ್ಕೆ ಯಾವ ದಿನ ನೀರು ಎಂದು ಹೇಳುವವಳು ಅವಳು. ಒಮ್ಮೆ ನಾನು ಅರ್ಧ ಗಂಟೆ ಹೆಚ್ಚು ನೀರು ತಿರುಗಿಸಿಕೊಂಡಿದ್ದಕ್ಕೆ ಚರ್ಚಿನ ಬಾಗಿಲಲ್ಲಿ ಎಲ್ಲರೆದುರು, "ಏನೋ ಎಲ್ಫೇಗೋ, ನಿನ್ನ ಮೆಣಸಿನ ಗಿಡಕ್ಕೆ ಈಜು ಕಲಿಸ್ತಿದ್ದೀಯೇನೋ?" ಎಂದು ಮಾನ ಕಳೆದಿದ್ದಳು.

ಅಕ್ಟೋಬರ್ ಕೊನೆಗೆ ತೂಬು ಮುಚ್ಚಿದಾಗ ಕಾಲುವೆಯ ಗುಂಡಿಗಳಲ್ಲಿ ಮೀನುಗಳು ಸಿಕ್ಕಿಬೀಳುತ್ತವೆ. ಅವನ್ನು ಒಣಗಿ ಸಾಯಲು ಬಿಡುವುದು ನಮ್ಮಲ್ಲಿ ಪಾಪ. ದೊಡ್ಡಪ್ಪ ಹಾಕಿಕೊಟ್ಟ ಕ್ರಮದಂತೆ ನೀರುಗಂಟಿ ಒಂದೊಂದನ್ನೂ ಎತ್ತಿ ಕತ್ತು ತಿರುಗಿಸಿ ನೋಡಬೇಕು. ಕೆಂಪು ಗೆರೆಯಿದ್ದರೆ ನಮ್ಮದು, ಬಕೆಟ್ಟಿನಲ್ಲಿ ಹೊತ್ತು ತೂಬಿನ ಹತ್ತಿರ ಹಳ್ಳಕ್ಕೆ ಬಿಡಬೇಕು. ಇಲ್ಲದಿದ್ದರೆ ಹೊರಗಿನದು, ನೀಲಿ ಜೋಳದ ಹಿಟ್ಟಿನಲ್ಲಿ ಹೊರಳಿಸಿ ಬಾಣಲೆಗೆ. ಹೊರಗಿನದು ಎಂದರೆ ರೇನ್‌ಬೋ ಟ್ರೌಟ್, ಯಾವ ಕಾಲದಲ್ಲೋ ಯಾರೋ ಲಾರಿಯಲ್ಲಿ ತಂದು ಕೆಳಗಿನ ನದಿಗೆ ಸುರಿದದ್ದು. ಅದು ಹಳ್ಳ ಹತ್ತಿ ಬರದಿರಲೆಂದು ಮೀನು ಇಲಾಖೆ ತೂಬಿನ ಕೆಳಗೆ ಆಳೆತ್ತರದ ಗೋಡೆ ಕಟ್ಟಿಸಿತ್ತು. ಕಾಲುವೆಯ ಬಾಲ ನದಿಗೆ ಸೇರುವ ಕಡೆಯಿಂದಲೂ ಮೀನು ಹತ್ತಬಹುದೆಂದು ಗೋಡೆ ಕಟ್ಟಿದವರಿಗೆ ಹೊಳೆಯಲಿಲ್ಲ. ನಮಗೆ ಅದು ಗೊತ್ತಿತ್ತು, ಆದರೆ ನಮ್ಮನ್ನು ಯಾರೂ ಕೇಳಲಿಲ್ಲ.

ಪಿಂತಾದ ನಡವಳಿಕೆ ಲಿಬ್ರಾದಕ್ಕನಿಗೆ ಬಾಯಿಪಾಠ. ಹಿಮ ಕರಗಿದ ನೀರಿನ ಅಬ್ಬರ ಇಳಿದ ಮೇಲೇ ಅದು ಬಾಲದಿಂದ ಜಲ್ಲಿ ಗುಡಿಸಿ ಮೊಟ್ಟೆಯಿಡುವುದು. ಚಳಿಗಾಲದಲ್ಲಿ ಆಳದ ಮಡು ಬಿಟ್ಟು ಕದಲುವುದಿಲ್ಲ. ಬೇರೆ ಟ್ರೌಟಿನ ಚಾಲಾಕಿತನ ಇದಕ್ಕಿಲ್ಲ, ಮಿಡತೆ ಬಿದ್ದರೆ ಹಿಂದುಮುಂದು ನೋಡದೆ ಬಾಯಿ ಹಾಕುತ್ತದೆ. "ಥೇಟ್ ನಮ್ಮೂರ ಜನ ಕಣೋ, ಯಾರು ಏನ್ ಕೊಟ್ರೂ ನುಂಗುತ್ತೆ," ಎನ್ನುತ್ತಿದ್ದಳು.

ಕಳೆದ ಆಗಸ್ಟಿನಲ್ಲಿ ಇಲಾಖೆಯ ಮರಿಸೇಲಾ ಕಾಲುವೆಯವರ ಸಭೆಗೆ ಬಂದಳು. ಪಕ್ಕದ ಕಣಿವೆಯ ಹುಡುಗಿ, ಮೀನಿನ ವಿಷಯ ಓದಿದವಳು. ಗೋಡೆಯಿಂದ ಹಳ್ಳದ ಮೇಲ್ಗಡೆಯ ಜಲಪಾತದವರೆಗಿನ ಮೀನುಗಳನ್ನು ಪರೀಕ್ಷೆ ಮಾಡಿಸಿದ್ದಾರೆ, ಎಲ್ಲವೂ ರೇನ್‌ಬೋ ಜೊತೆ ಬೆರಕೆ ಎಂದಳು.

"ಬೆರಕೆ ಹೆಂಗಾಗುತ್ತೆ? ಕತ್ತು ಕೆಂಪಗಿದೆಯಲ್ಲ!" ಲಿಬ್ರಾದಕ್ಕ ಎದ್ದು ನಿಂತಳು.

"ಬೆರಕೆಗೂ ಕತ್ತು ಕೆಂಪಗೇ ಇರುತ್ತೆ ಅಜ್ಜಿ. ಕಣ್ಣಲ್ಲಿ ನೋಡಿ ಹೇಳಕ್ಕಾಗಲ್ಲ."

ಲಿಬ್ರಾದಕ್ಕ ಕೂತಳು.

ಮರಿಸೇಲಾ ಮುಂದುವರಿಸಿದಳು. "ಯಾರೋ ಹೊತ್ತು ತಂದು ಬಿಟ್ಟಿದ್ದಾರೆ. ಜಲಪಾತನ ಮೀನು ತಾನಾಗೇ ಹತ್ತಕ್ಕಾಗಲ್ಲ, ಅದರ ಮೇಲೆ ನಾಲ್ಕೇ ಮೀನು ಸಿಕ್ಕಿದ್ದು, ನಾಲ್ಕೂ ಶುದ್ಧ. ಆದ್ರೆ ಬಿಟ್ಟೋರು ಅಲ್ಲೂ ಬಿಟ್ಟಿದ್ರೆ? ನಾಲ್ಕನ್ನ ನಂಬ್ಕೊಂಡು ಕೂರಕ್ಕಾಗಲ್ಲ. ಬರೋ ಸೋಮವಾರ ಹಳ್ಳ ಹುಟ್ಟೋ ಬುಗ್ಗೆಯಿಂದ್ಲೇ ಔಷಧ ಹಾಕ್ತೀವಿ. ಎಲ್ಲ ಸತ್ಮೇಲೆ ಬೇರೆ ಕಡೆಯಿಂದ ಶುದ್ಧ ಮರಿ ತಂದು ಬಿಡ್ತೀವಿ."

ಅವರು ಔಷಧ ಎನ್ನುವುದನ್ನು ನಾವು ವಿಷ ಎನ್ನುತ್ತೇವೆ.

ಮನೆಗೆ ನಡೆಯುವಾಗ ಲಿಬ್ರಾದಕ್ಕನೇ ಬಾಯಿಬಿಟ್ಟಳು. "ಜಲಪಾತದ ಮೇಲಕ್ಕೆ ನಾನು ಒಂದನ್ನೂ ಒಯ್ದಿಲ್ಲ ಕಣೋ. ಅಪ್ಪನೂ ಒಯ್ದಿಲ್ಲ. ಅಲ್ಲಿರೋವು ನಮ್ಮವೇ. ನಾನು ಹೇಳಿದ್ರೆ ಅವು ಉಳೀತಾವೆ."

"ಹೇಳಿದ್ರೆ ನೀನು ಉಳೀತೀಯಾ? ಕಾಲುವೆಯಿಂದ ಮೀನು ಹತ್ತುತ್ತೆ ಅಂತ ಗೊತ್ತಾದ್ರೆ ಸರ್ಕಾರದೋರು ಕಾಲುವೆಗೇ ಕೈ ಹಾಕ್ತಾರೆ. ಸುಮ್ನೆ ಬಾಯಿ ಮುಚ್ಕೊಂಡಿರಕ್ಕ. ಬೇರೆ ಮರಿ ತರ್ತಾರಂತಲ್ಲ."

"ನಿನ್ನ ಸಾಯಿಸಿ ಬೇರೆ ಎಲ್ಫೇಗೋನ ತಂದ್ರೆ ನಿನ್ ಹೆಂಡ್ತಿ ಒಪ್ಕೋತಾಳಾ?" ಎಂದಳು. ಆಮೇಲೆ, "ಅವಳು ಒಪ್ಕೊಂಡ್ರೂ ಒಪ್ಕೊಂಡಾಳು," ಎಂದು ನಗಲು ನೋಡಿದಳು. ನಗು ಬರಲಿಲ್ಲ.

ಆಗ ನಾನು ಆಡಬಾರದ ಮಾತು ಆಡಿದೆ. "ಹೇಳು ಹೋಗು. ನಿಮ್ಮಪ್ಪ ಗೋರಿಯಲ್ಲಿದ್ದಾನೆ, ಅವನ ಹೆಸರಿಗೂ ಮಸಿ ಬಳಿ."

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾಲ್ಕು ದಿನ ನೀರಿನ ಸರದಿ ಹೇಳಲು ಬಿಟ್ಟರೆ ಹೊರಗೆ ಬರಲಿಲ್ಲ. ನನ್ನ ಹೆಂಡತಿ ಕೊಟ್ಟು ಕಳಿಸಿದ ಹುರುಳಿಕಾಯಿ ಸಾರು ಮುಟ್ಟದೆ ವಾಪಸ್ಸು ಬಂತು. ನಾನು ಗೆದ್ದೆ ಅಂದುಕೊಂಡೆ. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಆಗ ನಿಜಕ್ಕೂ ಸಮಾಧಾನವಾಗಿತ್ತು.

ಭಾನುವಾರ ಪೂಜೆ ಮುಗಿಸಿ ಎಲ್ಲರೂ ಚರ್ಚಿನ ಅಂಗಳದಲ್ಲಿದ್ದೆವು. ನಾಳೆ ಹಳ್ಳದ ನೀರು ಮುಟ್ಟಬೇಡಿ ಎಂಬ ಚೀಟಿ ಅಂಟಿಸಲು ಮರಿಸೇಲಾ ಬಂದಿದ್ದಳು. ಲಿಬ್ರಾದಕ್ಕ ನೇರ ಅವಳ ಮುಂದೆ ಹೋಗಿ ನಿಂತಳು.

"ಹೊತ್ತು ಬಿಟ್ಟೋಳು ನಾನು. ನಮ್ಮಪ್ಪ ಇಪ್ಪತ್ತು ವರ್ಷ, ನಾನು ಮೂವತ್ತೊಂದು ವರ್ಷ. ತೂಬಿನ ಹತ್ರ ಮಾತ್ರ. ಜಲಪಾತದ ಮೇಲಕ್ಕೆ ಒಂದೂ ಇಲ್ಲ."

ಹುಡುಗಿಯ ಕೈಯಲ್ಲಿ ಚೀಟಿ ಹಾಗೇ ಉಳಿಯಿತು. "ಇದು ನಿಜ ಅಂತ ಹೇಳೋಕೆ ಜೊತೆಗೆ ಯಾರಾದ್ರೂ ಇದ್ರಾ ಅಜ್ಜಿ?"

ಲಿಬ್ರಾದಕ್ಕ ನೆಲ ನೋಡಿದಳು. ನನ್ನ ಹೆಸರು ಹೇಳಲಿಲ್ಲ. ಪ್ರತಿ ಅಕ್ಟೋಬರಿನಲ್ಲೂ ಆ ಬಕೆಟ್ಟಿನ ಇನ್ನೊಂದು ಬದಿ ಹಿಡಿದವನು ನಾನು. ಎಲ್ಲರೂ ನೋಡುತ್ತಿದ್ದರು. "ನಾನಿದ್ದೆ," ಎನ್ನಲು ಬಾಯಿ ಬರಲಿಲ್ಲ. ಹೌದೆಂದು ತಲೆಯಾಡಿಸಿದೆ, ಅಷ್ಟೆ. ಮರಿಸೇಲಾಗೆ ಅಷ್ಟು ಸಾಕಾಯಿತು.

ಊರಿನ ದೊಡ್ಡ ಹೊಲ ಫಿದೆನ್ಸಿಯೋನದು. ಅವನು ಟೋಪಿ ತಲೆಗಿಟ್ಟುಕೊಂಡು, "ನಾಕು ಮೀನಿಗೋಸ್ಕರ ಊರಿನ ಕಾಲುವೆನೇ ಸರ್ಕಾರದ ಕೈಗಿಟ್ಟೆಯಲ್ಲಮ್ಮ," ಎಂದ. ಅದೇ ಮಧ್ಯಾಹ್ನ ಸಭೆ ಸೇರಿ ತೂಬಿನ ಬೀಗದಕೈ ಅವಳಿಂದ ಇಸಿದುಕೊಂಡು ಅವನಿಗೆ ಕೊಟ್ಟರು. ಕೈ ಎತ್ತಿದವರಲ್ಲಿ ನಾನಿರಲಿಲ್ಲ. ಬೇಡ ಎಂದವರಲ್ಲೂ ಇರಲಿಲ್ಲ.

ಸೋಮವಾರ ವಿಷ ಬಿದ್ದದ್ದು ಜಲಪಾತದ ಕೆಳಗೆ ಮಾತ್ರ. ಮೇಲಿನವು ಉಳಿದವು. ಕೆಳಗಿನವು ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ಮೇಲಾಗಿ ತೇಲತೊಡಗಿದವು, ಗೋಡೆಯ ಹತ್ತಿರ ಬಂದು ಒತ್ತೊತ್ತಾಗಿ ನಿಂತವು. ಅಷ್ಟು ಮೀನು ಆ ಹಳ್ಳದಲ್ಲಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ಎಲ್ಲದರ ಕತ್ತೂ ಕೆಂಪು.

ಲಿಬ್ರಾದಕ್ಕ ಲಂಗ ಸೊಂಟಕ್ಕೆ ಸಿಕ್ಕಿಸಿ ನೀರಿಗಿಳಿದಳು. ಎರಡು ಕೈಯಲ್ಲಿ ಬಾಚಿ ಬಾಚಿ ದಡಕ್ಕೆ ತಂದು ಹಾಕತೊಡಗಿದಳು. ಮರಿಸೇಲಾ ಓಡಿ ಬಂದಳು. "ಅಜ್ಜಿ, ಬಿಡಿ. ಅದಕ್ಕೆ ನಮ್ ಆಳುಗಳಿದ್ದಾರೆ."

"ಮೇಲಕ್ಕೆ ಹೊರೋವಾಗ ನಿನ್ನ ಆಳುಗಳಿದ್ರೇನೇ?" ಎಂದಳು ಲಿಬ್ರಾದಕ್ಕ, ತಲೆಯೆತ್ತದೆ.

ನಾನು ಬೂಟು ಬಿಚ್ಚಿ ಅವಳ ಪಕ್ಕ ನೀರಿಗಿಳಿದೆ. ಅವಳು ನನ್ನ ಕಡೆ ನೋಡದೆ ಒಂದು ಹೆಜ್ಜೆ ಆಚೆ ಸರಿದು, ಸಂಜೆಯವರೆಗೂ ಮೀನು ಬಾಚುತ್ತಲೇ ಇದ್ದಳು.